ಬೇಳೆ ಒಬ್ಬಟ್ಟು ಮಾಡುವ ಕ್ರಮ: ಹೂರಣದ ಹದ, ಕಣಕದ ಹದ

ಯುಗಾದಿಯ ದಿನ ಎಣ್ಣೆಸ್ನಾನ ಮುಗಿದು ಬೇವು-ಬೆಲ್ಲ ಹಂಚಿಯಾದ ಮೇಲೆ ಹಳೆಯ ಮೈಸೂರು ಸೀಮೆಯ ಮನೆಗಳಲ್ಲಿ ಎಲ್ಲರ ಗಮನವೂ ಒಬ್ಬಟ್ಟಿನ ಕಡೆಗೆ ಹೊರಳುತ್ತದೆ. ಧಾರವಾಡ, ವಿಜಯಪುರ, ಕಲಬುರಗಿಯ ಕಡೆಯವರು ಇದನ್ನು ಹೋಳಿಗೆ ಎನ್ನುತ್ತಾರೆ. ಮಲೆನಾಡು, ಕರಾವಳಿಗಳಲ್ಲೂ ಅದೇ ಹೆಸರು. ಹೆಸರಿನ ಜೊತೆಗೆ ಬೇಳೆ, ಹಿಟ್ಟು, ತೆಳುಮಾಡುವ ಬಗೆ ಎಲ್ಲವೂ ಊರಿಂದ ಊರಿಗೆ ಬದಲಾಗುತ್ತವೆ. ನಾನು ಇಲ್ಲಿ ವಿವರಿಸುವುದು ತೊಗರಿಬೇಳೆಯಿಂದ ಮಾಡಿ ಬಾಳೆಎಲೆಯ ಮೇಲೆ ಕೈಯಲ್ಲಿ ತಟ್ಟುವ, ಬೆಂಗಳೂರು, ಮೈಸೂರು, ಮಂಡ್ಯ, ತುಮಕೂರು ಕಡೆಯ ಒಬ್ಬಟ್ಟಿನ ಕ್ರಮವನ್ನು. ಉತ್ತರ ಕರ್ನಾಟಕದ ಕಡಲೆಬೇಳೆಯ ಹೋಳಿಗೆ ಎಲ್ಲೆಲ್ಲಿ ಬೇರೆಯಾಗುತ್ತದೆ ಎಂಬುದನ್ನು ಮುಂದೆ ಹೇಳಿದ್ದೇನೆ.

ಈಗ ದೊಡ್ಡ ಊರುಗಳಲ್ಲೆಲ್ಲ ಹೋಳಿಗೆ ಅಂಗಡಿಗಳಿವೆ, ಬಿಸಿಯಾಗಿ ಕೈಗೆ ಸಿಗುತ್ತದೆ. ಆದರೂ ಮನೆಯಲ್ಲೇ ಮಾಡಬೇಕೆಂದು ನಾನು ಒತ್ತಿ ಹೇಳುವುದಕ್ಕೆ ಒಂದು ಕಾರಣವಿದೆ. ಒಬ್ಬಟ್ಟನ್ನು ಕೊಂಡು ತಂದವರಿಗೆ ಬೇಳೆ ಬೆಂದ ನೀರು, ಅಂದರೆ ಕಟ್ಟು, ದೊರೆಯುವುದಿಲ್ಲ. ಕಟ್ಟಿಲ್ಲದೆ ಒಬ್ಬಟ್ಟಿನ ಸಾರು ಇಲ್ಲ, ಸಾರಿಲ್ಲದ ಒಬ್ಬಟ್ಟಿನೂಟ ಅರ್ಧ ಊಟವೇ ಸರಿ.

ಹೊಸದಾಗಿ ಮಾಡುವವರು ಸಾಮಾನ್ಯವಾಗಿ ತಟ್ಟುವುದಕ್ಕೆ ಹೆದರುತ್ತಾರೆ. ಹೂರಣವೂ ಕಣಕವೂ ಸರಿಸುಮಾರು ಒಂದೇ ಮೆದುತನದಲ್ಲಿದ್ದರೆ ಬೆರಳು ಒತ್ತಿದ ಕಡೆಗೆ ಎರಡೂ ಒಟ್ಟಿಗೆ ಹರಡಿಕೊಳ್ಳುತ್ತವೆ, ತಟ್ಟುವುದಕ್ಕೆ ವಿಶೇಷ ಕೈಚಳಕ ಬೇಕಾಗುವುದಿಲ್ಲ. ಹೂರಣ ಗಟ್ಟಿಯಾಗಿ ಕಣಕ ಮೆದುವಾದರೆ ಕಣಕ ಅಂಚಿಗೆ ಓಡಿ ನಡುವೆ ಹೂರಣ ಬತ್ತಲಾಗುತ್ತದೆ. ಕಣಕ ಗಟ್ಟಿಯಾಗಿ ಹೂರಣ ನೀರಾದರೆ ಒಂದು ಕಡೆ ಸೀಳಿ ಕಾವಲಿಯ ಮೇಲೆ ಹರಿದು ಸೀಯುತ್ತದೆ. ಆದ್ದರಿಂದ ಕೆಳಗಿನ ಪ್ರತಿಯೊಂದು ಹಂತವನ್ನೂ ಈ ಎರಡು ಹದಗಳನ್ನು ಒಂದಕ್ಕೊಂದು ಹತ್ತಿರ ತರುವ ಕೆಲಸವೆಂದು ತಿಳಿದರೆ ಒಳ್ಳೆಯದು.

ಬೇಕಾಗುವ ಸಾಮಗ್ರಿ

ಅಂಗೈಯಗಲಕ್ಕಿಂತ ತುಸು ದೊಡ್ಡದಾದ ಹದಿನೈದು, ಹದಿನಾರು ಒಬ್ಬಟ್ಟುಗಳಿಗೆ 250 ಗ್ರಾಂ ತೊಗರಿಬೇಳೆ, 250 ಗ್ರಾಂ ಬೆಲ್ಲ, ಸುಮಾರು 75 ಗ್ರಾಂ ಹಸಿ ತೆಂಗಿನಕಾಯಿ ತುರಿ ಮತ್ತು 6ರಿಂದ 8 ಏಲಕ್ಕಿ ಬೇಕು. ಸಿಹಿ ಕಡಿಮೆ ಸಾಕೆನ್ನುವವರು ಬೆಲ್ಲವನ್ನು 200 ಗ್ರಾಂಗೆ ಇಳಿಸಬಹುದು, ಅದಕ್ಕಿಂತ ಇಳಿಸಿದರೆ ಬೇಳೆಯ ಹಸಿ ರುಚಿ ಮುಂದೆ ಬರುತ್ತದೆ. ಕಣಕಕ್ಕೆ 150 ಗ್ರಾಂ ಚಿರೋಟಿ ರವೆ, 100 ಗ್ರಾಂ ಮೈದಾ, ಕಾಲು ಚಮಚ ಅರಿಶಿನ, ಒಂದು ಚಿಟಿಕೆ ಉಪ್ಪು, ಸುಮಾರು 170 ಮಿಲಿ ನೀರು ಮತ್ತು 50 ಮಿಲಿ ಎಣ್ಣೆ ಬೇಕಾಗುತ್ತದೆ. ತಟ್ಟುವಾಗ ಕೈಗೂ ಎಲೆಗೂ ಸವರಲು ಇನ್ನಷ್ಟು ಎಣ್ಣೆಯನ್ನು ಬಟ್ಟಲಿನಲ್ಲಿ ಇಟ್ಟುಕೊಳ್ಳಬೇಕು. ತುಪ್ಪಕ್ಕೆ ಅಳತೆ ಹೇಳುವುದು ಕಷ್ಟ, ಅದು ಆಯಾ ಮನೆಯ ಅಭ್ಯಾಸಕ್ಕೆ ಬಿಟ್ಟದ್ದು.

ಬೇಳೆಯ ಆಯ್ಕೆಯಲ್ಲಿ ಎಚ್ಚರ ಬೇಕು. ಬಹಳ ದಿನ ದಾಸ್ತಾನಿನಲ್ಲಿದ್ದ ಹಳೆಯ ಬೇಳೆ ಎಷ್ಟು ಹೊತ್ತು ಕುದಿಸಿದರೂ ನಡುವೆ ಗಟ್ಟಿಯಾಗಿಯೇ ಉಳಿಯುತ್ತದೆ. ಕೆಡದಿರಲೆಂದು ಎಣ್ಣೆ ಸವರಿದ ಬೇಳೆಯಾದರೆ ಬೆಚ್ಚಗಿನ ನೀರಿನಲ್ಲಿ ಎರಡು ಮೂರು ಸಲ ಉಜ್ಜಿ ತೊಳೆಯಬೇಕು. 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ಕಲಬುರಗಿಯ ತೊಗರಿಬೇಳೆ ಸಿಕ್ಕರೆ ಅದನ್ನೇ ತನ್ನಿ, ಪರಿಮಳದಲ್ಲಿ ವ್ಯತ್ಯಾಸ ತಿಳಿಯುತ್ತದೆ. ಬೆಲ್ಲ ಕಂದು ಬಣ್ಣದ್ದಾಗಿರಲಿ. ಬೆಳ್ಳಗೆ, ಹೊಳಪಾಗಿ ಕಾಣುವ ಬೆಲ್ಲವನ್ನು ಅನೇಕ ವೇಳೆ ಗಂಧಕದ ಅಂಶವಿರುವ ರಾಸಾಯನಿಕ ಹಾಕಿ ಬಿಳುಪುಗೊಳಿಸಿರುತ್ತಾರೆ. ಮಂಡ್ಯದ ಆಲೆಮನೆಗಳಿಂದ ನೇರವಾಗಿ ಬರುವ ಕಪ್ಪು ಛಾಯೆಯ ಬೆಲ್ಲ ನೋಟಕ್ಕೆ ಅಷ್ಟು ಚೆಂದವಿಲ್ಲದಿದ್ದರೂ ಹೂರಣಕ್ಕೆ ಅದು ಕೊಡುವ ಸ್ವಾದವೇ ಬೇರೆ.

ಮೊದಲು ಕಣಕ

ಕಣಕ ಕನಿಷ್ಠ ಎರಡು ಗಂಟೆ ನೆನೆಯಬೇಕಾದುದರಿಂದ ಬೇಳೆಯನ್ನು ಒಲೆಗೇರಿಸುವ ಮೊದಲೇ ಅದನ್ನು ಕಲಸಿಡಬೇಕು. ಚಿರೋಟಿ ರವೆ, ಮೈದಾ, ಅರಿಶಿನ, ಉಪ್ಪುಗಳನ್ನು ಅಗಲವಾದ ತಟ್ಟೆಯಲ್ಲಿ ಬೆರೆಸಿ, ನೀರನ್ನು ಸ್ವಲ್ಪ ಸ್ವಲ್ಪವಾಗಿ ಸೇರಿಸುತ್ತಾ ಚಪಾತಿ ಹಿಟ್ಟಿಗಿಂತ ಸ್ಪಷ್ಟವಾಗಿ ಮೆದುವಾಗಿ, ಕೈಗೆ ಅಂಟುವಂತೆ ಕಲಸಿಕೊಳ್ಳಿ. ಈ ಅಂಟು ನೋಡಿ ಗಾಬರಿಯಾಗಿ ಹಿಟ್ಟು ಸೇರಿಸಬಾರದು. ರವೆ ಮುಂದೆ ನೀರನ್ನು ಹೀರಿಕೊಂಡು ತಾನೇ ಬಿಗಿಯಾಗುತ್ತದೆ. ಹತ್ತು ನಿಮಿಷ ಹಾಗೇ ಬಿಟ್ಟು, ಬಳಿಕ ಎರಡು ಚಮಚ ಎಣ್ಣೆ ಹಾಕಿ ಹತ್ತರಿಂದ ಹದಿನೈದು ನಿಮಿಷ ಚೆನ್ನಾಗಿ ನಾದಬೇಕು. ಹಿಂದೆ ಕಣಕವನ್ನು ಒರಳಿನಲ್ಲಿ ಹಾಕಿ ಕುಟ್ಟುತ್ತಿದ್ದ ಮನೆಗಳೂ ಇದ್ದವು, ಅದರ ಉದ್ದೇಶವೂ ಇದೇ. ಹಿಟ್ಟಿನಲ್ಲಿರುವ ಅಂಟು ಪದಾರ್ಥವಾದ ಗ್ಲುಟೆನ್ ನಾದಿದಷ್ಟೂ ಎಳೆ ಎಳೆಯಾಗಿ ಹೆಣೆದುಕೊಂಡು ಹಿಗ್ಗುವ ಶಕ್ತಿ ಪಡೆಯುತ್ತದೆ.

ನಾದಿದ ಕಣಕವನ್ನು ಬಟ್ಟಲಿನಲ್ಲಿಟ್ಟು, ಉಳಿದ ಎಣ್ಣೆಯನ್ನು ಮೇಲೆ ಸುರಿದು, ಮುಚ್ಚಿಡಿ. ನಾದಿದ ಕೂಡಲೇ ಎಳೆದರೆ ಹಿಟ್ಟು ರಬ್ಬರಿನಂತೆ ಹಿಂದಕ್ಕೆ ಜಗ್ಗುತ್ತದೆ, ಆದರೆ ಎರಡು ಗಂಟೆ ವಿಶ್ರಾಂತಿ ಪಡೆದ ಮೇಲೆ ಅದೇ ಹಿಟ್ಟು ಎಳೆದ ಕಡೆಗೆ ಸಾಗಿ ಅಲ್ಲೇ ನಿಲ್ಲುತ್ತದೆ. ನಿಂಬೆ ಗಾತ್ರದ ಕಣಕವನ್ನು ಎರಡು ಕೈಯಲ್ಲಿ ಹಿಡಿದು ನಿಧಾನವಾಗಿ ಎಳೆದು ನೋಡಿ: ಹರಿಯದೆ ತೆಳುವಾದ ಪರದೆಯಂತೆ ಹಿಗ್ಗಿದರೆ ಹದ ಬಂದಿದೆ. ತುಂಡಾದರೆ ಮತ್ತೆ ಐದು ನಿಮಿಷ ನಾದಿ, ಇನ್ನೂ ಅರ್ಧ ಗಂಟೆ ಬಿಡಿ. ಈ ವಿಶ್ರಾಂತಿಯ ಸಮಯವನ್ನು ಕಡಿತಗೊಳಿಸಿ ಯಾರೂ ಗೆದ್ದದ್ದನ್ನು ನಾನು ನೋಡಿಲ್ಲ.

ಬೇಳೆ ಬೇಯಿಸುವುದು

ಇಡೀ ಕೆಲಸದಲ್ಲಿ ಹೆಚ್ಚು ಗಮನ ಬೇಡುವ ಹಂತ ಇದು. ತೊಳೆದ ಬೇಳೆಯನ್ನು ಅರ್ಧ ಗಂಟೆ ನೆನೆಸಿ, ದಪ್ಪ ತಳದ ಪಾತ್ರೆಯಲ್ಲಿ ಒಂದೂವರೆ ಲೀಟರ್ ನೀರು ಕುದಿಸಿ, ಚಿಟಿಕೆ ಅರಿಶಿನ, ಒಂದು ಚಮಚ ಎಣ್ಣೆ ಹಾಕಿ, ಬೇಳೆಯನ್ನು ಕುದಿಯುವ ನೀರಿಗೆ ಬಿಡಿ. ಎಣ್ಣೆ ನೊರೆಯನ್ನು ತಗ್ಗಿಸುತ್ತದೆ. ಆದರೂ ಮೇಲೇಳುವ ನೊರೆಯನ್ನು ಸೌಟಿನಿಂದ ತೆಗೆದುಬಿಡಬೇಕು. ಪಾತ್ರೆಯನ್ನು ಪೂರ್ತಿ ಮುಚ್ಚದೆ ಮಧ್ಯಮ ಉರಿಯಲ್ಲಿ ಬೇಯಲು ಬಿಟ್ಟರೆ ಇಪ್ಪತ್ತರಿಂದ ಇಪ್ಪತ್ತೈದು ನಿಮಿಷಕ್ಕೆ ಹದ ಬರುತ್ತದೆ. ಹದಿನೈದನೆಯ ನಿಮಿಷದಿಂದಲೇ ಒಂದೊಂದು ಬೇಳೆ ತೆಗೆದು ಹೆಬ್ಬೆರಳು ಮತ್ತು ತೋರುಬೆರಳಿನ ನಡುವೆ ಒತ್ತಿ ನೋಡುತ್ತಿರಬೇಕು. ಬೇಳೆ ನೋಡುವುದಕ್ಕೆ ಬಿಡಿಬಿಡಿಯಾಗಿ, ಆಕಾರದಲ್ಲಿ ಇಡಿಯಾಗಿ ಇರಬೇಕು. ಒತ್ತಿದರೆ ನಡುವೆ ಬಿಳಿಯ ಕಾಳು ಸಿಗದೆ ನುಣ್ಣಗೆ ಹಿಸುಕಿಹೋಗಬೇಕು.

ಪ್ರೆಷರ್ ಕುಕ್ಕರನ್ನು ಇಲ್ಲಿ ಬಳಸಬೇಡಿರೆಂದು ನಾನು ಬಿನ್ನವಿಸುತ್ತೇನೆ. ನಾನು ಸ್ವಂತವಾಗಿ ಒಬ್ಬಟ್ಟು ಮಾಡಿದ ಮೊದಲ ಯುಗಾದಿಯಂದು ಸಮಯ ಉಳಿಸಲು ಕುಕ್ಕರಿನಲ್ಲಿ ಬೇಳೆಯಿಟ್ಟು, ಮೂರು ಸೀಟಿಗೆ ಅದು ಕರಗಿ ಗಂಜಿಯಾಗಿ, ಕಟ್ಟು ಬಸಿಯಲು ಏನೂ ಉಳಿಯದೆ, ಬೆಲ್ಲ ಬಿದ್ದ ಮೇಲೆ ಒಂದು ಗಂಟೆ ಕೆದಕಿದರೂ ಹೂರಣ ಕೂಡಿಬರಲಿಲ್ಲ. ತೆರೆದ ಪಾತ್ರೆಯಲ್ಲಿ ಹದವನ್ನು ಕಣ್ಣಿನಿಂದ ನೋಡಿ, ಬೆರಳಿನಿಂದ ಮುಟ್ಟಿ ನಿಲ್ಲಿಸುವ ಅವಕಾಶ ಇದೆ, ಮುಚ್ಚಿದ ಕುಕ್ಕರಿನಲ್ಲಿ ಅದು ಇಲ್ಲ. ಕೊಳವೆಬಾವಿಯ ಗಡಸು ನೀರು ಬರುವ ಊರುಗಳಲ್ಲಿ ಬೇಳೆಗೆ ಶೋಧಿಸಿದ ಕುಡಿಯುವ ನೀರನ್ನೇ ಬಳಸಬೇಕು, ಏಕೆಂದರೆ ಗಡಸು ನೀರಿನ ಕ್ಯಾಲ್ಸಿಯಂ ಬೇಳೆಯ ಮೈಯನ್ನು ಬಿಗಿಗೊಳಿಸಿ ಬೇಯದಂತೆ ಮಾಡುತ್ತದೆ.

ಇದೇ ಕಾರಣಕ್ಕೆ ಬೆಲ್ಲದ ವಿಷಯದಲ್ಲಿ ಒಂದು ನಿಯಮವನ್ನು ಮುರಿಯಬಾರದು: ಬೇಳೆ ಪೂರ್ತಿ ಬೇಯುವ ಮೊದಲು ಬೆಲ್ಲ ಬೀಳಕೂಡದು. ಬೆಲ್ಲದಲ್ಲಿ ಕ್ಯಾಲ್ಸಿಯಂ ಇದೆ, ಅಲ್ಪ ಪ್ರಮಾಣದ ಹುಳಿಯ ಗುಣವೂ ಇದೆ. ಸಕ್ಕರೆಯ ಅಂಶವಂತೂ ಬೇಳೆಯಿಂದ ನೀರನ್ನು ಹೊರಗೆಳೆಯುತ್ತದೆ. ಅರೆಬೆಂದ ಬೇಳೆಗೆ ಬೆಲ್ಲ ಹಾಕಿದರೆ ಅದು ಅಲ್ಲಿಂದ ಮುಂದೆ ಎಷ್ಟು ಕುದಿಸಿದರೂ ಮೆತ್ತಗಾಗುವುದಿಲ್ಲ. ಅಂಥ ಹೂರಣವನ್ನು ಎಷ್ಟು ರುಬ್ಬಿದರೂ ತರಿ ಉಳಿಯುತ್ತದೆ, ತಟ್ಟುವಾಗ ಅದೇ ತರಿ ಕಣಕವನ್ನು ಚುಚ್ಚಿ ಹರಿಯುತ್ತದೆ.

ಹದವಾಗಿ ಬೆಂದ ಬೇಳೆಯನ್ನು ಜರಡಿಗೆ ಸುರಿದು, ಕೆಳಗೆ ದೊಡ್ಡ ಪಾತ್ರೆಯಿಟ್ಟು ಕಟ್ಟನ್ನು ಹಿಡಿಯಿರಿ. ಹದಿನೈದು ನಿಮಿಷ ಹಾಗೇ ಬಿಡಬೇಕು, ಆಗಾಗ ಸೌಟಿನಿಂದ ನವಿರಾಗಿ ಮೇಲೆ ಕೆಳಗೆ ಮಾಡಬೇಕು. ಇಲ್ಲಿ ಬಸಿಯದೆ ಉಳಿದ ಪ್ರತಿಯೊಂದು ಚಮಚ ನೀರನ್ನೂ ಮುಂದೆ ಒಲೆಯ ಮೇಲೆ ನಿಂತು ಆರಿಸಬೇಕಾಗುತ್ತದೆ. ಬಸಿದ ಬೇಳೆಯಿಂದ ಒಂದು ಹಿಡಿಯನ್ನು ಸಾರಿಗೆಂದು ಈಗಲೇ ಬೇರೆ ತೆಗೆದಿಡಿ.

ಹೂರಣ

ಬೆಲ್ಲವನ್ನು ಜಜ್ಜಿ, ಮೂರು ಚಮಚ ನೀರಿನೊಡನೆ ಸಣ್ಣ ಉರಿಯಲ್ಲಿ ಕರಗಿಸಿ ಶೋಧಿಸಿಕೊಳ್ಳಿ. ಪಾಕ ಬರಿಸುವ ಅಗತ್ಯವಿಲ್ಲ, ಮರಳು ಮತ್ತು ಕಬ್ಬಿನ ನಾರು ಹೋದರೆ ಸಾಕು. ಶೋಧಿಸಿದ ಬೆಲ್ಲದ ನೀರನ್ನು ದಪ್ಪ ಬಾಣಲೆಗೆ ಹಾಕಿ, ಬಸಿದ ಬೇಳೆಯನ್ನೂ ತೆಂಗಿನ ತುರಿಯನ್ನೂ ಸೇರಿಸಿ, ಮಧ್ಯಮ ಉರಿಯಲ್ಲಿ ಕೈಬಿಡದೆ ಕೆದಕುತ್ತಿರಬೇಕು. ಮೊದಲ ಐದು ನಿಮಿಷ ಅದು ನೀರಾಗಿ ಕಾಣುತ್ತದೆ. ಆಮೇಲೆ ಗುಳ್ಳೆಗಳು ದಪ್ಪವಾಗಿ, ತಡವಾಗಿ ಒಡೆಯತೊಡಗುತ್ತವೆ. ಆ ಹೊತ್ತಿಗೆ ಉರಿ ತಗ್ಗಿಸಿ ಉದ್ದ ಹಿಡಿಯ ಸೌಟು ಹಿಡಿಯಬೇಕು, ಏಕೆಂದರೆ ಸಿಡಿಯುವ ಹೂರಣದ ಹನಿ ಚರ್ಮಕ್ಕೆ ಅಂಟಿಕೊಂಡು ಸುಡುತ್ತದೆ. ಹನ್ನೆರಡರಿಂದ ಹದಿನೈದು ನಿಮಿಷದಲ್ಲಿ ಹೂರಣ ತಳ ಬಿಡಲು ಆರಂಭಿಸುತ್ತದೆ. ನಡುವೆ ನೆಟ್ಟ ಸೌಟು ಬೀಳದೆ ನಿಂತರೆ ಇಳಿಸಬಹುದು. ಬಿಸಿಯಲ್ಲಿ ಇನ್ನೂ ತುಸು ಸಡಿಲವಾಗಿ ಕಂಡರೂ ಆರಿದ ಮೇಲೆ ಗಟ್ಟಿಯಾಗುವುದರಿಂದ, ಬಾಣಲೆಯಲ್ಲಿಯೇ ಉಂಡೆ ಕಟ್ಟುವಷ್ಟು ಒಣಗಿಸಬಾರದು.

ಅಗಲವಾದ ತಟ್ಟೆಗೆ ಹರಡಿ ಆರಲು ಬಿಟ್ಟು, ಏಲಕ್ಕಿ ಪುಡಿ ಸೇರಿಸಿ, ನೀರು ಒಂದು ಹನಿಯೂ ಹಾಕದೆ ನುಣ್ಣಗೆ ರುಬ್ಬಬೇಕು. ಒರಳುಕಲ್ಲಿನಲ್ಲಿ ರುಬ್ಬಿದ ಹೂರಣಕ್ಕೆ ಮಿಕ್ಸಿಯ ಹೂರಣ ಸಮನಾಗುವುದಿಲ್ಲ ಎಂಬ ಮಾತಿನಲ್ಲಿ ಸತ್ಯವಿದೆ. ಕಲ್ಲು ನಿಧಾನವಾಗಿ ಅರೆಯುವುದರಿಂದ ಹೂರಣ ಬೆಣ್ಣೆಯಂತಾಗುತ್ತದೆ. ಕಲ್ಲಿಲ್ಲದವರು ಮಿಕ್ಸಿಯಲ್ಲಿ ಸ್ವಲ್ಪ ಸ್ವಲ್ಪವಾಗಿ ಹಾಕಿ, ನಿಲ್ಲಿಸಿ ನಿಲ್ಲಿಸಿ ತಿರುಗಿಸಿದರೆ ಮೋಟಾರು ಬಿಸಿಯಾಗದೆ ಕೆಲಸ ಆಗುತ್ತದೆ. ರುಬ್ಬಿದ ಹೂರಣದಿಂದ ಒಂದು ಉಂಡೆ ಮಾಡಿ ನೋಡಿ. ಅಂಗೈಗೆ ಅಂಟದೆ, ಬಿರುಕು ಬಿಡದೆ ದುಂಡಗೆ ನಿಂತರೆ ಸರಿ. ಅಂಟಿದರೆ ಮತ್ತೆ ಬಾಣಲೆಗೆ ಹಾಕಿ ಸಣ್ಣ ಉರಿಯಲ್ಲಿ ನೀರು ಆರಿಸಬಹುದು. ಹೊತ್ತಿಲ್ಲದಿದ್ದರೆ ಎರಡು ಚಮಚ ಹುರಿಗಡಲೆ ಪುಡಿ ಕಲಸುವುದು ಕೊನೆಯ ಉಪಾಯ. ಬಿರುಕು ಬಿಟ್ಟರೆ ಒಂದೆರಡು ಚಮಚ ಬೆಚ್ಚಗಿನ ಹಾಲು ಸೇರಿಸಿ ನಾದಿದರೆ ಸಾಕು.

ಇಷ್ಟಾದ ಮೇಲೆ ಹೂರಣವನ್ನು ಒಂದು ಕೈಯಲ್ಲಿ, ಕಣಕವನ್ನು ಇನ್ನೊಂದು ಕೈಯಲ್ಲಿ ಹಿಡಿದು ಒಟ್ಟಿಗೆ ಹಿಸುಕಿ ನೋಡುವ ಅಭ್ಯಾಸ ಇಟ್ಟುಕೊಳ್ಳಿ. ಎರಡರ ಮೆದುತನವೂ ಹತ್ತಿರ ಹತ್ತಿರ ಅನ್ನಿಸಿದ ಮೇಲೆಯೇ ಎಲೆಯ ಮುಂದೆ ಕುಳಿತುಕೊಳ್ಳಬೇಕು.

ತಟ್ಟುವುದು ಮತ್ತು ಬೇಯಿಸುವುದು

ಹೂರಣವನ್ನು ಸುಮಾರು 45 ಗ್ರಾಂ ತೂಗುವ ಉಂಡೆಗಳನ್ನಾಗಿ ಮಾಡಿಕೊಳ್ಳಿ. ಕಣಕ ಪ್ರತಿ ಉಂಡೆಗೆ 30 ಗ್ರಾಂ ಮೀರದಿರಲಿ. ಕಣಕ ಹೆಚ್ಚಾದ ಒಬ್ಬಟ್ಟು ಆರಿದ ಮೇಲೆ ಚರ್ಮದಂತಾಗುತ್ತದೆ. ಎಣ್ಣೆ ಸವರಿದ ಅಂಗೈಯಲ್ಲಿ ಕಣಕವನ್ನು ಬಟ್ಟಲಿನಂತೆ ಹಿಗ್ಗಿಸಿ, ಅಂಚನ್ನು ನಡುವಿಗಿಂತ ತೆಳು ಮಾಡಿ, ಹೂರಣದ ಉಂಡೆಯಿಟ್ಟು, ಸುತ್ತಲಿನ ಅಂಚನ್ನು ಮೇಲೆ ಒಟ್ಟುಗೂಡಿಸಿ ಮುಚ್ಚಬೇಕು. ಕೂಡಿದ ಜಾಗದಲ್ಲಿ ಉಳಿದ ಕಣಕದ ಗಂಟನ್ನು ಚಿವುಟಿ ತೆಗೆದು ಬಟ್ಟಲಿಗೆ ಮರಳಿಸಿ. ಈ ಕೂಡು ಮೇಲುಗಡೆ ಬರುವಂತೆ ಎಣ್ಣೆ ಸವರಿದ ಬಾಳೆಎಲೆಯ ಮೇಲಿಟ್ಟು, ನಾಲ್ಕು ಬೆರಳುಗಳಿಂದ ನಡುವಿನಿಂದ ಅಂಚಿನ ಕಡೆಗೆ, ಎಲೆಯನ್ನು ಸುತ್ತ ತಿರುಗಿಸುತ್ತಾ ತಟ್ಟಬೇಕು. ಅಂಚು ಯಾವಾಗಲೂ ದಪ್ಪ ಉಳಿಯಲು ನೋಡುತ್ತದೆ, ಕೊನೆಯ ಒತ್ತು ಅಲ್ಲಿಗೆ ಬೀಳಲಿ. 15ರಿಂದ 17 ಸೆಂಟಿಮೀಟರ್ ಅಗಲವಾದರೆ ಹೂರಣದ ಬಣ್ಣ ಕಣಕದೊಳಗಿನಿಂದ ತೆಳುವಾಗಿ ಕಾಣಿಸುತ್ತದೆ.

ಎಲೆ ಎಳೆಯದಾಗಿದ್ದರೆ ಸೀಳುತ್ತದೆ, ಬಲಿತ ಎಲೆಯನ್ನು ಉರಿಯ ಮೇಲೆ ಒಮ್ಮೆ ಆಡಿಸಿ ಬಾಡಿಸಿಕೊಂಡರೆ ಬಳುಕುತ್ತದೆ. ಎಣ್ಣೆಯ ಪ್ಲಾಸ್ಟಿಕ್ ಪೊಟ್ಟಣವನ್ನು ಕತ್ತರಿಸಿ ಅದರ ಮೇಲೆ ತಟ್ಟುವ ರೂಢಿ ಅನೇಕ ಮನೆಗಳಲ್ಲಿದೆ. ಕಾದ ಕಾವಲಿಯ ಪಕ್ಕದಲ್ಲಿ ಪ್ಲಾಸ್ಟಿಕ್ಕನ್ನು ಹಿಡಿದಾಡುವುದು ನನಗೆ ಸರಿಕಾಣುವುದಿಲ್ಲ. ಎಲೆ ಸಿಗದ ಊರಿನಲ್ಲಿ ಬೇಕಿಂಗಿಗೆ ಬಳಸುವ ಬಟರ್ ಪೇಪರ್ ಉತ್ತಮ.

ಕಬ್ಬಿಣದ ಕಾವಲಿ ಮಧ್ಯಮ ಉರಿಯಲ್ಲಿ ಚೆನ್ನಾಗಿ ಕಾದಿರಬೇಕು. ಎಲೆಯನ್ನು ಎರಡು ಕೈಯಿಂದ ಎತ್ತಿ, ಒಬ್ಬಟ್ಟಿನ ಕಡೆ ಕೆಳಗಾಗುವಂತೆ ಕಾವಲಿಗೆ ಮಗುಚಿ, ಹತ್ತು ಹದಿನೈದು ಸೆಕೆಂಡು ತಡೆಯಿರಿ. ಬಿಸಿ ತಾಗಿದ ಒಬ್ಬಟ್ಟು ತಾನಾಗಿ ಎಲೆಯನ್ನು ಬಿಡುತ್ತದೆ, ಆಗ ಒಂದು ತುದಿಯಿಂದ ನಿಧಾನವಾಗಿ ಎಲೆಯನ್ನು ಸುಲಿದುಕೊಳ್ಳಬೇಕು. ಒಂದು ನಿಮಿಷಕ್ಕೆ ಕೆಳಗೆ ಹೊಂಬಣ್ಣದ ಚುಕ್ಕೆಗಳು ಮೂಡುತ್ತವೆ. ಅಗಲವಾದ ಮಗುಚುವ ಕೈಯಿಂದ ತಿರುವಿ, ಅರ್ಧ ಚಮಚ ತುಪ್ಪ ಬಿಟ್ಟು, ಇನ್ನೊಂದು ಬದಿಯನ್ನೂ ಅಷ್ಟೇ ಹೊತ್ತು ಬೇಯಿಸಿ. ಉರಿ ಜೋರಾದರೆ ಬೆಲ್ಲ ಸೀದು ಕಹಿಯಾಗುತ್ತದೆ, ತೀರ ಮಂದವಾದರೆ ಕಣಕ ಒಣಗಿ ಗರಿಗರಿಯಾಗುತ್ತದೆ. ಬೆಂದುದನ್ನು ಬಟ್ಟೆಯ ಮೇಲೆ ಒಂದೊಂದಾಗಿ ಹರಡಿ, ಬಿಸಿ ಇಳಿದ ಮೇಲೆಯೇ ಮಡಿಸಿ ಜೋಡಿಸಬೇಕು. ಬಿಸಿಬಿಸಿಯಾಗಿ ಒಂದರ ಮೇಲೊಂದು ಪೇರಿಸಿದರೆ ಹಬೆಯಿಂದ ಬೆವತು ಅಂಟಿಕೊಳ್ಳುತ್ತವೆ.

ಉತ್ತರ ಕರ್ನಾಟಕದ ಹೋಳಿಗೆ ಮತ್ತು ದೂರದೂರಿನವರಿಗೆ

ಉತ್ತರ ಕರ್ನಾಟಕದಲ್ಲಿ ಹೂರಣಕ್ಕೆ ಕಡಲೆಬೇಳೆ, ಕಣಕಕ್ಕೆ ಗೋಧಿಹಿಟ್ಟು ಹೆಚ್ಚು ಬಳಕೆ. ತೆಂಗಿನ ತುರಿ ಹಾಕದೆ, ಬೇಳೆಯನ್ನು ಬಿಸಿ ಇರುವಾಗಲೇ ಹೂರಣದ ಯಂತ್ರದಲ್ಲಿ ತಿರುವಿ ನುಣ್ಣಗೆ ಮಾಡುತ್ತಾರೆ, ಆಮೇಲೆ ಹಿಟ್ಟು ಉದುರಿಸಿ ಲಟ್ಟಣಿಗೆಯಿಂದ ಲಟ್ಟಿಸುತ್ತಾರೆ. ಲಟ್ಟಿಸುವ ಹೋಳಿಗೆಗೆ ಕಣಕ ಇಷ್ಟು ಎಣ್ಣೆಯಲ್ಲಿ ಮುಳುಗಬೇಕಾಗಿಲ್ಲ, ಹೂರಣವೂ ಒಂದು ಹದ ಗಟ್ಟಿಯಾಗಿರಬೇಕು. ಕಡಲೆಬೇಳೆಗೆ ನೆನೆಸುವ ಅವಧಿ ಎರಡು ಗಂಟೆ, ಬೇಯುವ ಅವಧಿಯೂ ತೊಗರಿಗಿಂತ ಹೆಚ್ಚು. ಬಿಸಿ ಹಾಲು ಮತ್ತು ತುಪ್ಪದೊಡನೆ, ಮಾವು ಬಂದ ಕಾಲದಲ್ಲಿ ಸೀಕರಣೆಯೊಡನೆ ಅದನ್ನು ಉಣ್ಣುವ ಸುಖವನ್ನು ಮೈಸೂರು ಕಡೆಯವರೂ ಒಮ್ಮೆ ಅನುಭವಿಸಬೇಕು.

ಹೊರದೇಶಗಳಲ್ಲಿ ನೆಲೆಸಿರುವ ಕನ್ನಡಿಗರಿಗೆ ಚಿರೋಟಿ ರವೆ ಸಿಗದಿದ್ದರೆ ಸಣ್ಣ ರವೆಯನ್ನು ಮಿಕ್ಸಿಯಲ್ಲಿ ಇನ್ನಷ್ಟು ಪುಡಿ ಮಾಡಿ ಜರಡಿ ಹಿಡಿದು ಬಳಸಬಹುದು. ಅಲ್ಲಿನ ಅಂಗಡಿಗಳಲ್ಲಿ ಸಿಗುವ ಹಳದಿ ಬಟಾಣಿ ಬೇಳೆ ನೋಡಲು ಕಡಲೆಬೇಳೆಯಂತೆಯೇ ಇರುತ್ತದೆ, ಆದರೆ ಬೆಂದಾಗ ಕರಗಿಹೋಗುವುದರಿಂದ ಪೊಟ್ಟಣದ ಮೇಲಿನ ಹೆಸರನ್ನು ಓದಿಯೇ ಕೊಳ್ಳಬೇಕು. ಏಷ್ಯಾದ ಸಾಮಾನು ಮಾರುವ ಅಂಗಡಿಗಳಲ್ಲಿ ಹೆಪ್ಪುಗಟ್ಟಿಸಿದ ಬಾಳೆಎಲೆ ದೊರೆಯುತ್ತದೆ. ಅದನ್ನು ಪೂರ್ತಿ ಕರಗಿಸಿ, ಒರೆಸಿ ಬಳಸಿದರೆ ಚೆನ್ನಾಗಿ ಒದಗಿಬರುತ್ತದೆ.

ಒಬ್ಬಟ್ಟಿನ ಸಾರು

ತೆಗೆದಿಟ್ಟ ಕಟ್ಟಿಗೆ ಬರೋಣ. ಉತ್ತರದವರು ಇದರಿಂದ ಮಾಡುವುದನ್ನು ಕಟ್ಟಿನ ಸಾರು ಎನ್ನುತ್ತಾರೆ. ನಿಂಬೆ ಗಾತ್ರದ ಹುಣಸೆಹಣ್ಣನ್ನು ನೆನೆಸಿ ರಸ ತೆಗೆಯಿರಿ. ಕಾಲು ಬಟ್ಟಲು ತೆಂಗಿನ ತುರಿ, ಎರಡು ಚಮಚ ಬ್ಯಾಡಗಿ ಮೆಣಸಿನಕಾಯಿಯಿಂದ ಮಾಡಿದ ಸಾರಿನ ಪುಡಿ, ಬೇರೆ ತೆಗೆದಿಟ್ಟ ಬೇಳೆ, ಒಂದು ಚಿಕ್ಕ ತುಂಡು ಚಕ್ಕೆ, ಎರಡು ಚಮಚ ಹೂರಣ, ಇಷ್ಟನ್ನೂ ಸೇರಿಸಿ ನುಣ್ಣಗೆ ರುಬ್ಬಿಕೊಳ್ಳಿ. ಕಟ್ಟಿಗೆ ಹುಣಸೆ ರಸ, ಉಪ್ಪು ಹಾಕಿ ಹಸಿ ವಾಸನೆ ಹೋಗುವವರೆಗೆ ಕುದಿಸಿ, ರುಬ್ಬಿದ್ದನ್ನು ಬೆರೆಸಿ ಮತ್ತೆ ಹತ್ತು ನಿಮಿಷ ಸಣ್ಣ ಉರಿಯಲ್ಲಿ ಬಿಡಬೇಕು. ತುಪ್ಪದಲ್ಲಿ ಸಾಸಿವೆ, ಇಂಗು, ಕರಿಬೇವು, ಒಣಮೆಣಸಿನಕಾಯಿಯ ಒಗ್ಗರಣೆ ಕೊಟ್ಟು ಮುಚ್ಚಿಡಿ. ಹುಳಿ, ಖಾರ, ಸಿಹಿ ಮೂರೂ ನಾಲಿಗೆಗೆ ತಿಳಿಯಬೇಕು. ಹುಳಿ ಮುಂದಾಗಿ ಸಿಹಿ ಹಿಂದೆ ನಿಂತರೆ ಅನ್ನಕ್ಕೆ ಹೊಂದುತ್ತದೆ.

ತೆಂಗಿನಕಾಯಿ ಹಾಕಿದ ಒಬ್ಬಟ್ಟು ಯುಗಾದಿಯ ಸೆಕೆಯಲ್ಲಿ ಹೊರಗೆ ಒಂದು ದಿನಕ್ಕಿಂತ ಹೆಚ್ಚು ಇರುವುದಿಲ್ಲ, ಫ್ರಿಜ್ಜಿನಲ್ಲಿ ಐದಾರು ದಿನ ಇಡಬಹುದು. ಕಾಯಿಯಿಲ್ಲದ ಹೋಳಿಗೆ ಹೊರಗಡೆಯೂ ಎರಡು ಮೂರು ದಿನ ತಾಳುತ್ತದೆ. ಫ್ರಿಜ್ಜಿನಿಂದ ತೆಗೆದುದನ್ನು ಕಾವಲಿಯ ಮೇಲೆ ತುಪ್ಪ ಸವರಿ ಸಣ್ಣ ಉರಿಯಲ್ಲಿ ಎರಡೂ ಬದಿ ಬಿಸಿ ಮಾಡಿದರೆ ಕಣಕ ಮತ್ತೆ ಮೆತ್ತಗಾಗುತ್ತದೆ. ಸಾರನ್ನು ರಾತ್ರಿ ಒಮ್ಮೆ ಕುದಿಸಿ, ಆರಿಸಿ ಫ್ರಿಜ್ಜಿನಲ್ಲಿಟ್ಟು, ಬೆಳಿಗ್ಗೆ ಮತ್ತೊಮ್ಮೆ ಕುದಿಸಬೇಕು. ಹುಣಸೆ ಮತ್ತು ಬೆಲ್ಲ ಆ ಹೊತ್ತಿಗೆ ಒಂದಾಗಿರುವುದರಿಂದ ಮರುದಿನದ ಸಾರಿನ ರುಚಿ ಹಬ್ಬದ ದಿನದ್ದಕ್ಕಿಂತ ಹೆಚ್ಚು. ಹಾಗಾಗಿ ಕಟ್ಟು ಬಸಿಯುವಾಗಲೇ ಎರಡು ದಿನದ ಲೆಕ್ಕ ಹಿಡಿದು ಬೇಳೆಗೆ ಅರ್ಧ ಲೀಟರ್ ನೀರು ಹೆಚ್ಚಿಗೆ ಇಡಬಹುದು.